ನೀರಿನ ಬಿಲ್ಲಿನೊಳಗೆ ಕೂತ ನಗರಸಭೆ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ನೀರು, ಒಳಚರಂಡಿ, ಕಸ ಮೂರನ್ನೂ ನಗರಸಭೆಯೇ ನೋಡಿಕೊಳ್ಳುತ್ತದೆ. ಈ ಇಲಾಖೆಗಳ ಸ್ಥಿರಾಸ್ತಿಯ ಬೆಲೆ ಎಷ್ಟೋ ಅದರ ಶೇ. 1ರಷ್ಟನ್ನು ಅವು ಪ್ರತಿವರ್ಷ ನಗರಸಭೆಯ ಸಾಮಾನ್ಯ ನಿಧಿಗೆ ಕಟ್ಟಬೇಕೆಂಬ ನಿಯಮ ಹಿಂದೆ ಅಲ್ಲಿತ್ತು. ಖಾಸಗಿ ಕಂಪನಿಯಾಗಿದ್ದರೆ ಆಸ್ತಿ ತೆರಿಗೆ ಕಟ್ಟುತ್ತಿತ್ತು, ನಮ್ಮದೇ ಇಲಾಖೆ ಎಂಬ ಕಾರಣಕ್ಕೆ ಬಿಟ್ಟುಬಿಡಬೇಕೆ ಎನ್ನುವುದು ಅದರ ಹಿಂದಿನ ತರ್ಕ. ಇಲಾಖೆಗಳು ಆ ಹಣವನ್ನು ದರದೊಳಗೆ ಸೇರಿಸಿ ಜನರಿಂದ ವಸೂಲು ಮಾಡಿದವು. ಬಿಲ್ಲಿನಲ್ಲಿ ಅದಕ್ಕೆಂದು ಬೇರೆ ಸಾಲೇನೂ ಇರಲಿಲ್ಲ. ತೆರಿಗೆದಾರರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ನೀರಿನ ಇಲಾಖೆಗೂ ಪೊಲೀಸರು ಬೇಕು, ಅಗ್ನಿಶಾಮಕ ದಳ ಬೇಕು, ಲೆಕ್ಕದಲ್ಲಿ ಕಾಣಿಸದ ಎಷ್ಟೋ ಖರ್ಚು ನಾವು ಹೊರುತ್ತೇವೆ ಎಂದು ನಗರಸಭೆ ವಾದಿಸಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರಸಭೆಯ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಖರ್ಚು ಕೇಳುವುದೇ ತಪ್ಪು ಎಂದು ಅದು ಹೇಳಲಿಲ್ಲ. ನಿಜವಾಗಿ ಆದ ಖರ್ಚನ್ನು ಕೇಳಿ, ಅದು ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿ, ಆಸ್ತಿಯ ಬೆಲೆಗೆ ಒಂದು ಶೇಕಡಾವಾರು ಅಂಟಿಸಿದರೆ ಅದು ಲೆಕ್ಕವಲ್ಲ ಎಂಬುದು ತೀರ್ಪಿನ ಸಾರ.

ನನಗೆ ಈ ತೀರ್ಪು ಅದು ಬಂದ ಊರಿಗಿಂತ ದೊಡ್ಡದಾಗಿ ಕಾಣುತ್ತದೆ. ಸರ್ಕಾರವೊಂದು ಜನರ ಜೇಬಿಗೆ ಕೈ ಹಾಕುವ ದಾರಿಗಳಲ್ಲಿ ತೆರಿಗೆಯ ಮೇಲೆ ಎಲ್ಲರ ಕಣ್ಣಿರುತ್ತದೆ. ಚುನಾವಣೆಯಲ್ಲಿ ಅದರ ಚರ್ಚೆಯಾಗುತ್ತದೆ, ಏರಿಸಿದವರು ಸೋಲುತ್ತಾರೆ. ಇಲಾಖೆಯಿಂದ ಇಲಾಖೆಗೆ ಆಡಳಿತ ವೆಚ್ಚದ ಹೆಸರಿನಲ್ಲಿ ಹೋಗುವ ಹಣವನ್ನು ಮಾತ್ರ ಯಾರೂ ನೋಡುವುದಿಲ್ಲ. ಆಯವ್ಯಯದ ನೂರಾರು ಪುಟಗಳ ನಡುವೆ ಅದು ಒಂದು ಸಾಲು, ಅಷ್ಟೆ. ನಲ್ಲಿ ತಿರುಗಿಸುವ ಪ್ರತಿಯೊಬ್ಬರೂ ಅದಕ್ಕೆ ಹಣ ಕೊಡುತ್ತಿರುತ್ತಾರೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಹಂಚಿಕೆ ಬೇಕೇ ಬೇಕು. ನೀರಿನ ಇಲಾಖೆಯ ನೌಕರರ ಸಂಬಳದ ಚೀಟಿ ತಯಾರಿಸುವುದು ನಗರಸಭೆಯ ಹಣಕಾಸು ವಿಭಾಗ. ಅವರನ್ನು ನೇಮಿಸಿಕೊಳ್ಳುವುದು ಸಿಬ್ಬಂದಿ ವಿಭಾಗ. ಪೈಪು ಕೊಳ್ಳಲು ಟೆಂಡರು ಕರೆಯುವುದು ಖರೀದಿ ವಿಭಾಗ. ಗುತ್ತಿಗೆದಾರ ಮೊಕದ್ದಮೆ ಹೂಡಿದರೆ ನ್ಯಾಯಾಲಯಕ್ಕೆ ಹೋಗುವವರು ನಗರದ ವಕೀಲರು. ಇವೆಲ್ಲ ಪುಕ್ಕಟೆ ಸಿಕ್ಕರೆ ನೀರಿನ ದರ ಸುಳ್ಳು ದರವಾಗುತ್ತದೆ. ಕೊರತೆಯನ್ನು ಆಸ್ತಿ ತೆರಿಗೆ, ಮಾರಾಟ ತೆರಿಗೆ ಕಟ್ಟುವವರು ತುಂಬುತ್ತಾರೆ, ಲಾಭ ಎಕರೆಗಟ್ಟಲೆ ಹುಲ್ಲುಹಾಸಿಗೆ ನೀರು ಬಿಡುವವರಿಗೆ ಹೋಗುತ್ತದೆ. ಬರ ಬಂದುಹೋಗುವ ಆ ರಾಜ್ಯದಲ್ಲಿ ನೀರನ್ನು ಅದರ ನಿಜವಾದ ಬೆಲೆಗಿಂತ ಅಗ್ಗ ಮಾಡುವುದು ಯಾರಿಗೂ ಒಳ್ಳೆಯದಲ್ಲ. ಹಾಗಾಗಿ ನಗರಸಭೆ ತನ್ನ ಪಾಲು ಕೇಳುವುದು ಸರಿಯೆ. ಆ ಪಾಲನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ, ಅಳತೆಗೋಲನ್ನು ಆರಿಸುವವರು ಯಾರು ಎಂಬಲ್ಲಿ ತಕರಾರು ಹುಟ್ಟುತ್ತದೆ.

ಒಂದು ಊರನ್ನು ಊಹಿಸಿಕೊಳ್ಳಿ. ಅದರ ಸಿಬ್ಬಂದಿ ವಿಭಾಗಕ್ಕೆ ವರ್ಷಕ್ಕೆ 20 ಲಕ್ಷ ಡಾಲರ್ ಖರ್ಚಾಗುತ್ತದೆ. ಊರಿನ ಒಟ್ಟು ನೌಕರರು 1000, ಅವರಲ್ಲಿ ನೀರಿನ ಇಲಾಖೆಯವರು 150. ತಲೆ ಎಣಿಸಿ ಹಂಚಿದರೆ ನೀರಿನ ಇಲಾಖೆಯ ಪಾಲು ಶೇ. 15, ಅಂದರೆ 3 ಲಕ್ಷ ಡಾಲರ್. ಈಗ ತಲೆ ಎಣಿಸುವ ಬದಲು ಇಲಾಖೆಗಳ ಬಜೆಟ್ಟಿನ ಗಾತ್ರ ನೋಡಿ ಹಂಚೋಣ ಎನ್ನಿ. ನೀರಿನ ಇಲಾಖೆ ಹೊರಗಿನ ಸಗಟು ಸಂಸ್ಥೆಯಿಂದ ನೀರು ಕೊಳ್ಳುತ್ತದೆ, ಸಾಲಪತ್ರಗಳಿಗೆ ಬಡ್ಡಿ ಕಟ್ಟುತ್ತದೆ, ಹೀಗಾಗಿ ಅದರ ಬಜೆಟ್ಟು ಊರಿನ ಒಟ್ಟು ಬಜೆಟ್ಟಿನ ಶೇ. 40 ಎಂದಿಟ್ಟುಕೊಳ್ಳೋಣ. ಪಾಲು 8 ಲಕ್ಷಕ್ಕೆ ಜಿಗಿಯಿತು. ಒಬ್ಬ ಗುಮಾಸ್ತನೂ ಹೆಚ್ಚು ಕೆಲಸ ಮಾಡಲಿಲ್ಲ, ಒಬ್ಬ ನೌಕರನೂ ಹೆಚ್ಚಾಗಿ ನೇಮಕವಾಗಲಿಲ್ಲ. ಸಗಟು ನೀರಿನ ಬಿಲ್ಲು ದೊಡ್ಡದಾಗಿದ್ದರೆ ಸಿಬ್ಬಂದಿ ವಿಭಾಗದ ಕೆಲಸ ಹೆಚ್ಚುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಎರಡೂ ಲೆಕ್ಕ ಕೂಡುವಿಕೆಯಲ್ಲಿ ಸರಿಯಾಗಿವೆ, ಎರಡಕ್ಕೂ ಲೆಕ್ಕಪರಿಶೋಧಕರ ರುಜು ಬೀಳಬಹುದು. 5 ಲಕ್ಷ ಡಾಲರು ಒಂದು ನಿಧಿಯಿಂದ ಇನ್ನೊಂದಕ್ಕೆ ಸರಿದದ್ದು ಭಾಗಾಕಾರದ ಛೇದವನ್ನು ಬದಲಿಸಿದ್ದರಿಂದ ಮಾತ್ರ.

ಅಮೆರಿಕದ ನಗರಗಳಲ್ಲಿ ಈ ಹಂಚಿಕೆಗೆ ಒಂದು ದಸ್ತಾವೇಜೇ ಇರುತ್ತದೆ. ಬಹಳಷ್ಟು ಊರುಗಳು ಸಲಹೆಗಾರರನ್ನು ಹಿಡಿದು ಬರೆಸುತ್ತವೆ. ಸಿಬ್ಬಂದಿ ವಿಭಾಗಕ್ಕೆ ನೌಕರರ ಸಂಖ್ಯೆ, ಖರೀದಿ ವಿಭಾಗಕ್ಕೆ ಖರೀದಿ ಆದೇಶಗಳ ಸಂಖ್ಯೆ, ಕಂಪ್ಯೂಟರ್ ವಿಭಾಗಕ್ಕೆ ಯಂತ್ರಗಳ ಸಂಖ್ಯೆ, ಕಟ್ಟಡ ನಿರ್ವಹಣೆಗೆ ಚದರಡಿ, ವಕೀಲರಿಗೆ ಗಂಟೆ ಎಂದು ಒಂದೊಂದಕ್ಕೆ ಒಂದೊಂದು ಆಧಾರ. ಒಳ್ಳೆಯ ದಸ್ತಾವೇಜು ಓದಿದರೆ ಊರು ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ಆದರೆ ಒಂದು ಜಾಗದಲ್ಲಿ ಎಲ್ಲ ದಸ್ತಾವೇಜುಗಳೂ ತಡವರಿಸುತ್ತವೆ: ಚುನಾಯಿತ ಕೌನ್ಸಿಲ್ಲಿನ ಖರ್ಚು.

ಕೌನ್ಸಿಲ್ಲಿನ ಖರ್ಚನ್ನು ಸಭೆಯ ಕಾರ್ಯಸೂಚಿಯ ವಿಷಯಗಳನ್ನು ಎಣಿಸಿ ಹಂಚುವುದು ರೂಢಿ. ವರ್ಷದಲ್ಲಿ 500 ವಿಷಯ ಬಂದು ಅವುಗಳಲ್ಲಿ 100 ನೀರಿಗೆ ಸೇರಿದ್ದರೆ ಐದರಲ್ಲೊಂದು ಪಾಲು ನೀರಿನ ಮೇಲೆ. ಸಭೆ ನಡೆಯುವ ರೀತಿಯನ್ನು ನೋಡಿದವರಿಗೆ ಇದರ ದೋಷ ಗೊತ್ತಾಗುತ್ತದೆ. ಕವಾಟ ಖರೀದಿ, ಮೀಟರು ಗುತ್ತಿಗೆಯ ನವೀಕರಣ ಇಂಥವೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮಂಜೂರಾಗುವ ಪಟ್ಟಿಯಲ್ಲಿರುತ್ತವೆ. ಹತ್ತು ವಿಷಯಕ್ಕೆ ಒಂದೇ ಸಲ ಕೈ ಎತ್ತಿದರೆ ಮುಗಿಯಿತು. ಒಂದು ಬಡಾವಣೆಯಲ್ಲಿ ಮೂರಂತಸ್ತು ಕಟ್ಟಬಹುದೇ ಎಂಬ ಒಂದು ವಿಷಯ ನಡುರಾತ್ರಿಯವರೆಗೂ ಎಳೆಯುತ್ತದೆ. ಎಣಿಕೆಯಲ್ಲಿ ಎರಡಕ್ಕೂ ಒಂದೇ ತೂಕ.

ಇನ್ನೂ ಗಮನಿಸಬೇಕಾದ ಸಂಗತಿಯೊಂದಿದೆ. ಇದೇ ನಗರಗಳು ಒಕ್ಕೂಟ ಸರ್ಕಾರದ ಅನುದಾನಕ್ಕೆ ಲೆಕ್ಕ ಕೊಡುವಾಗ ಮೇಯರ್ ಕಚೇರಿ, ಕೌನ್ಸಿಲ್ಲುಗಳ ಖರ್ಚನ್ನು ಸೇರಿಸುವಂತಿಲ್ಲ. ಅದು ಸರ್ಕಾರವಾಗಿರುವುದಕ್ಕೇ ತಗಲುವ ಖರ್ಚು, ಯಾವ ಕಾರ್ಯಕ್ರಮದ ಖರ್ಚೂ ಅಲ್ಲ ಎಂದು ವಾಷಿಂಗ್ಟನ್ನಿನ ನಿಯಮ ಹೇಳುತ್ತದೆ. ಅದಕ್ಕೇ ಅನೇಕ ಊರುಗಳು ಎರಡು ಹಂಚಿಕೆ ಪಟ್ಟಿ ಇಟ್ಟುಕೊಂಡಿರುತ್ತವೆ, ಒಂದು ಒಕ್ಕೂಟ ಸರ್ಕಾರಕ್ಕೆ, ಇನ್ನೊಂದು ಸ್ವಂತ ನೀರಿನ ಇಲಾಖೆಗೆ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಜೋರಾಗಿ ಪ್ರಶ್ನಿಸಬಲ್ಲ ಯಜಮಾನನಿಗೆ ಸೊನ್ನೆ ತೋರಿಸಿ, ಪ್ರಶ್ನಿಸಲಾರದ ಮನೆಗೆ ಪಾಲು ಹಾಕುವುದನ್ನು ನಾನು ಒಪ್ಪಲಾರೆ. ನೀರಿನ ಸಾಲಪತ್ರಕ್ಕೆ, ದರ ನಿಗದಿಗೆ ಕೌನ್ಸಿಲ್ ನಿಜವಾಗಿ ಕೊಟ್ಟ ಸಮಯವನ್ನು ದಾಖಲಿಸಿ ಅಷ್ಟನ್ನು ಕೇಳಲಿ. ಉಳಿದದ್ದು ಪ್ರಜಾಪ್ರಭುತ್ವದ ಖರ್ಚು. ಅದನ್ನು ತೆರಿಗೆಯಿಂದಲೇ ಭರಿಸಬೇಕು.

ಇಲಾಖೆಗಳಿಂದ ಹಣ ತೆಗೆಯುವ ಈ ಒತ್ತಡವೆಲ್ಲ ಎಲ್ಲಿಂದ ಬಂತು? 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪೊಸಿಷನ್ 13 ಎಂಬ ತಿದ್ದುಪಡಿಯನ್ನು ಗೆಲ್ಲಿಸಿದರು. ಆಸ್ತಿ ತೆರಿಗೆ ಆಸ್ತಿ ಬೆಲೆಯ ಶೇ. 1ನ್ನು ಮೀರಬಾರದು, ಆ ಬೆಲೆಯನ್ನೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸಬಾರದು, ಮಾರಾಟವಾದಾಗ ಹೊಸ ಬೆಲೆ. ನಗರಗಳ ದೊಡ್ಡ ಆದಾಯಕ್ಕೆ ಒಮ್ಮೆಲೇ ಕತ್ತರಿ ಬಿತ್ತು. ಪೊಲೀಸು, ಗ್ರಂಥಾಲಯ, ಉದ್ಯಾನಗಳು ಇದ್ದಲ್ಲೇ ಇದ್ದವು. ಸ್ವಂತ ನೀರು, ಸ್ವಂತ ವಿದ್ಯುತ್ ಇದ್ದ ಊರುಗಳು ಅವುಗಳತ್ತ ತಿರುಗಿದ್ದು ಆಶ್ಚರ್ಯವಲ್ಲ. ಇದಕ್ಕೆ ಎದುರೇಟಾಗಿ 1996ರ ನವೆಂಬರಿನಲ್ಲಿ ಪ್ರಾಪೊಸಿಷನ್ 218 ಬಂತು. ನೀರಿನಂಥ ಸೇವೆಯ ಶುಲ್ಕ ಆ ಸೇವೆಯ ಖರ್ಚನ್ನು ಮೀರಬಾರದು, ಬೇರೆ ಕೆಲಸಕ್ಕೆ ಬಳಕೆಯಾಗಬಾರದು, ಎಲ್ಲರಿಗೂ ಸಮಾನವಾಗಿ ಸಿಗುವ ಪೊಲೀಸು, ಅಗ್ನಿಶಾಮಕ, ಗ್ರಂಥಾಲಯಗಳ ಖರ್ಚನ್ನು ಆ ಶುಲ್ಕದಲ್ಲಿ ಸೇರಿಸಬಾರದು ಎಂದು ಅದು ರಾಜ್ಯದ ಸಂವಿಧಾನದಲ್ಲೇ ಬರೆಯಿತು. 2010ರಲ್ಲಿ ಪ್ರಾಪೊಸಿಷನ್ 26 ಇನ್ನೊಂದು ಬೇಲಿ ಹಾಕಿತು: ಸೇವೆಯ ನ್ಯಾಯವಾದ ಖರ್ಚನ್ನು ಮೀರಿದ ಶುಲ್ಕ ತೆರಿಗೆಯೇ, ತೆರಿಗೆಗೆ ಮತದಾರರ ಒಪ್ಪಿಗೆ ಬೇಕು.

ಫ್ರೆಸ್ನೊಗಿಂತ ಮುಂಚೆ, 2002ರಲ್ಲಿ, ರೋಸ್‌ವಿಲ್ ಎಂಬ ಊರು ಇಂಥದೇ ಮೊಕದ್ದಮೆಯಲ್ಲಿ ಸೋತಿತ್ತು. ಅಲ್ಲಿ ನೀರು, ಒಳಚರಂಡಿ, ಕಸದ ಇಲಾಖೆಗಳ ಬಜೆಟ್ಟಿನ ಶೇ. 4ರಷ್ಟು ಸಾಮಾನ್ಯ ನಿಧಿಗೆ ಹೋಗುತ್ತಿತ್ತು. ಕಸದ ಲಾರಿಗಳು ರಸ್ತೆ ಸವೆಸುತ್ತವೆ, ಕೊಳವೆ ಹಾಕಲು ರಸ್ತೆ ಅಗೆಯುತ್ತಾರೆ, ಅದರ ಬಾಡಿಗೆ ಇದು ಎಂದಿತು ನಗರಸಭೆ. ವಾದದಲ್ಲಿ ಹುರುಳಿತ್ತು. ಭಾರದ ಲಾರಿ ವಾರಕ್ಕೊಮ್ಮೆ ಪ್ರತಿ ಬೀದಿಯಲ್ಲಿ ಓಡಾಡಿದರೆ ಡಾಂಬರು ಸವೆಯುವುದು ಸುಳ್ಳಲ್ಲ. ಹಾಗಾದರೆ ಎಷ್ಟು ಸವೆಯುತ್ತದೆ ಎಂದು ಎಂಜಿನಿಯರ್ ಲೆಕ್ಕ ಹಾಕಬಹುದು. ನಗರಸಭೆ ಆ ಲೆಕ್ಕ ಇಟ್ಟಿರಲಿಲ್ಲ, ಬಂದ ಹಣವನ್ನು ರಸ್ತೆಗೆಂದು ಮೀಸಲಿಟ್ಟಿರಲೂ ಇಲ್ಲ.

ವಿದ್ಯುತ್ತಿನ ಕತೆ ಬೇರೆ. ವಿದ್ಯುತ್ ಮತ್ತು ಅಡುಗೆ ಅನಿಲದ ದರಗಳನ್ನು ಪ್ರಾಪೊಸಿಷನ್ 218 ಹೊರಗಿಟ್ಟಿತ್ತು. ರಾಜ್ಯದ ಉತ್ತರದಲ್ಲಿರುವ ರೆಡಿಂಗ್ ನಗರದ ವಿದ್ಯುತ್ ಇಲಾಖೆ 1988ರಿಂದ, ಖಾಸಗಿಯಾಗಿದ್ದರೆ ಕಟ್ಟಬೇಕಿದ್ದ ಆಸ್ತಿ ತೆರಿಗೆಯಷ್ಟು ಹಣವನ್ನು ನಗರಸಭೆಗೆ ಕೊಡುತ್ತ ಬಂದಿತ್ತು. ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್. ಇದಕ್ಕೆ ಪ್ರತ್ಯೇಕ ಶಾಸನವೇನೂ ಇರಲಿಲ್ಲ, ಎರಡು ವರ್ಷಕ್ಕೊಮ್ಮೆ ಒಪ್ಪುವ ಆಯವ್ಯಯದೊಳಗೇ ಅದು ಸೇರಿತ್ತು. ಪ್ರಾಪೊಸಿಷನ್ 26ರ ಪ್ರಕಾರ ಇದು ಮತದಾರರು ಒಪ್ಪದ ತೆರಿಗೆ ಎಂದು ಹೂಡಿದ ಮೊಕದ್ದಮೆ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರ ಆಗಸ್ಟಿನಲ್ಲಿ ಕೋರ್ಟು ನಗರಸಭೆಯ ಪರ ನಿಂತಿತು. ರೆಡಿಂಗ್‌ನ ವಿದ್ಯುತ್ ಇಲಾಖೆಗೆ ಮನೆಗಳ ಬಿಲ್ಲಿನಿಂದಲ್ಲದೆ, ಸಗಟು ಮಾರಾಟದಂಥ ಬೇರೆ ಮೂಲಗಳಿಂದಲೂ ಆದಾಯವಿತ್ತು. ಆ ಆದಾಯ ಈ ವರ್ಗಾವಣೆಗೆ ಸಾಕಾಗುತ್ತಿತ್ತು. ಮನೆಯವರು ತಮ್ಮ ಸೇವೆಯ ಖರ್ಚಿಗಿಂತ ಹೆಚ್ಚೇನೂ ಕೊಡುತ್ತಿಲ್ಲ, ಆದ್ದರಿಂದ ಇದು ತೆರಿಗೆಯಲ್ಲ ಎಂಬುದು ತೀರ್ಮಾನ.

ತೀರ್ಪು ಕಾನೂನಿಗೆ ಸರಿಯಿರಬಹುದು. ಆದರೆ ಹಣಕ್ಕೆ ಬಣ್ಣವಿಲ್ಲ. ಸಗಟು ಮಾರಾಟದ ಡಾಲರು ನಗರಸಭೆಗೆ ಹೋಗದೆ ಇಲಾಖೆಯಲ್ಲೇ ಉಳಿದಿದ್ದರೆ ಮನೆಯ ದರ ಅಷ್ಟು ಇಳಿಯುತ್ತಿತ್ತು. ಅದನ್ನು ಎಲ್ಲಿಗೆ ಕಳಿಸಬೇಕು ಎಂಬ ನಿರ್ಧಾರ ರಾಜಕೀಯ ನಿರ್ಧಾರ; ಯಾವ ನಿಧಿಯಿಂದ ತೆಗೆದೆವು ಎಂದು ಲೆಕ್ಕದ ಪುಸ್ತಕದಲ್ಲಿ ತೋರಿಸಿದ ಮಾತ್ರಕ್ಕೆ ಆ ನಿರ್ಧಾರ ಇಲ್ಲವಾಗುವುದಿಲ್ಲ. ಕೋರ್ಟು ನೋಡಿದ್ದು ದರ ಖರ್ಚನ್ನು ಮೀರಿತೇ ಎಂಬುದನ್ನು. ಜನ ಕೇಳಬೇಕಾದ್ದು ನಮ್ಮ ವಿದ್ಯುತ್ತಿನ ಲಾಭ ಯಾರಿಗೆ ಸೇರಬೇಕೆಂದು ಯಾರು ತೀರ್ಮಾನಿಸಿದರು ಎಂಬುದನ್ನು.

ವರ್ಗಾವಣೆಯ ಪರವಾಗಿ ಗಟ್ಟಿ ವಾದಗಳಿವೆ, ಅವನ್ನು ತಳ್ಳಿಹಾಕಲು ಬರುವುದಿಲ್ಲ. ವಿಶ್ವವಿದ್ಯಾಲಯ, ಚರ್ಚು, ಧರ್ಮಾರ್ಥ ಆಸ್ಪತ್ರೆ, ರಾಜ್ಯ ಸರ್ಕಾರದ ಕಚೇರಿ ಇವು ಆಸ್ತಿ ತೆರಿಗೆ ಕಟ್ಟುವುದಿಲ್ಲ, ಆದರೆ ಊರಿನ ರಸ್ತೆ, ಅಗ್ನಿಶಾಮಕ ದಳ ಎಲ್ಲವನ್ನೂ ಬಳಸುತ್ತವೆ. ವಿದ್ಯುತ್ ಬಿಲ್ಲನ್ನು ಮಾತ್ರ ಅವೂ ಕಟ್ಟಲೇಬೇಕು. ಬಿಲ್ಲಿನ ಮೂಲಕ ಅವುಗಳಿಂದಲೂ ಊರಿನ ಖರ್ಚಿಗೆ ಸ್ವಲ್ಪ ಬರಲಿ ಎಂಬುದು ಅನ್ಯಾಯದ ಮಾತಲ್ಲ. ಖಾಸಗಿ ಕಂಪನಿಯಾಗಿದ್ದರೆ ಷೇರುದಾರರಿಗೆ ಹೋಗುತ್ತಿದ್ದ ಲಾಭ ಇಲ್ಲಿ ಊರಿನ ಗ್ರಂಥಾಲಯಕ್ಕೆ ಹೋಗುತ್ತದೆ ಎಂಬ ವಾದವನ್ನೂ ನಾನು ಗೌರವಿಸುತ್ತೇನೆ. ಲಾಸ್ ಏಂಜಲೀಸ್‌ನಂಥ ಮಹಾನಗರದಲ್ಲಿ ವಿದ್ಯುತ್ ಇಲಾಖೆ ಹಿಂದಿನ ವರ್ಷದ ಆದಾಯದ ಶೇ. 8ನ್ನು ನಗರಕ್ಕೆ ಕೊಡುತ್ತದೆ, ವರ್ಷಕ್ಕೆ 20 ಕೋಟಿ ಡಾಲರಿಗೂ ಹೆಚ್ಚು. ಅದು ನಾಳೆ ನಿಂತರೆ ಎಷ್ಟು ಸೇವೆಗಳು ನಿಲ್ಲಬೇಕೋ ಯೋಚಿಸಬೇಕು.

ಆದರೆ ಆ ಹಣ ಬರುವುದು ಯಾರಿಂದ? ಬಾಡಿಗೆ ಮನೆಯ ಬಡ ಕುಟುಂಬಕ್ಕೂ ಫ್ರಿಜ್ಜು ಬೇಕು, ಬೇಸಗೆಯಲ್ಲಿ ರೆಡಿಂಗ್‌ನಂಥ ಉರಿಬಿಸಿಲಿನ ಊರಿನಲ್ಲಿ ಏಸಿ ಬೇಕು. ಬಿಲ್ಲು ಅದರ ಆದಾಯದಲ್ಲಿ ತಿನ್ನುವ ಪಾಲು ಶ್ರೀಮಂತರ ಮನೆಯಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು. ಆಸ್ತಿ ತೆರಿಗೆಗೆ ಮಿತಿ ಹಾಕಿ, ಅದರಿಂದಾದ ಕೊರತೆಯನ್ನು ಬಿಲ್ಲಿನಲ್ಲಿ ತುಂಬಿಕೊಂಡರೆ ಬೆಲೆಬಾಳುವ ಮನೆಯಿದ್ದವರ ಹೊರೆಯನ್ನು ಬಾಡಿಗೆದಾರರ ಮೇಲೆ ಹೊರಿಸಿದಂತಾಗುತ್ತದೆ. ಊರಿನ ಗಡಿಯಾಚೆಗೂ ವಿದ್ಯುತ್ ಕೊಡುವ ಕಡೆ ಇನ್ನೊಂದು ತೊಡಕು. ಟೆಕ್ಸಸ್‌ನ ಆಸ್ಟಿನ್ ನಗರದ ವಿದ್ಯುತ್ ಇಲಾಖೆಯಿಂದ ವರ್ಷಕ್ಕೆ 10 ಕೋಟಿ ಡಾಲರಿನ ಆಸುಪಾಸು ನಗರದ ನಿಧಿಗೆ ಹೋಗುತ್ತದೆ. ಅದರ ಗ್ರಾಹಕರಲ್ಲಿ ಕೆಲವರು ನಗರದ ಹೊರಗಿನವರು, ನಗರದ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ದರದ ವಿರುದ್ಧ ರಾಜ್ಯದ ಆಯೋಗಕ್ಕೆ ಮೇಲ್ಮನವಿ ಸಲ್ಲಿಸುವ ಅವಕಾಶವನ್ನು ಅವರಿಗೆ ಕಾನೂನು ಕೊಟ್ಟಿರುವುದು ಈ ಕಾರಣಕ್ಕೇ.

ಪಾಲೊ ಆಲ್ಟೊ ಹಿಡಿದ ದಾರಿ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಕನ್ನಡಿಗ ಎಂಜಿನಿಯರುಗಳು ಬಹಳ ಮಂದಿ ನೆಲೆಸಿರುವ ಸಿಲಿಕಾನ್ ಕಣಿವೆಯ ಈ ಊರು 1896ರಿಂದ ನೀರನ್ನೂ 1900ರಿಂದ ವಿದ್ಯುತ್ತನ್ನೂ 1917ರಿಂದ ಅನಿಲವನ್ನೂ ತಾನೇ ಪೂರೈಸುತ್ತಿದೆ. ಅನಿಲದ ಆದಾಯದಿಂದ ನಗರಕ್ಕೆ ಹಣ ವರ್ಗಾಯಿಸುವುದು ಮತದಾರರ ಒಪ್ಪಿಗೆಯಿಲ್ಲದ ತೆರಿಗೆ ಎಂದು ನ್ಯಾಯಾಲಯದಲ್ಲಿ ತೀರ್ಮಾನವಾದ ಮೇಲೆ ನಗರಸಭೆ 2022ರ ನವೆಂಬರಿನಲ್ಲಿ ಮೆಷರ್ ಎಲ್ ಎಂಬ ಪ್ರಸ್ತಾವವನ್ನು ಜನರ ಮುಂದಿಟ್ಟಿತು: ಅನಿಲದ ಒಟ್ಟು ಆದಾಯದ ಶೇ. 18ರವರೆಗೆ ಪೊಲೀಸು, ರಸ್ತೆ, ಉದ್ಯಾನ, ಗ್ರಂಥಾಲಯಗಳಿಗೆ ತೆಗೆದುಕೊಳ್ಳಲು ಒಪ್ಪುತ್ತೀರಾ? ಜನ ಒಪ್ಪಿದರು. ಅದೇ ಹಣ, ಅದೇ ಬಿಲ್ಲು. ಆದರೆ ಈಗ ಅದು ಕೊಟ್ಟವರು ತಿಳಿದು ಕೊಟ್ಟದ್ದು.

ಆ ದಾರಿಯಲ್ಲೂ ಒಂದು ಮುಳ್ಳಿದೆ. 1990ರ ಮಟ್ಟಕ್ಕೆ ಹೋಲಿಸಿ 2030ರೊಳಗೆ ಇಂಗಾಲದ ಹೊರಸೂಸುವಿಕೆಯನ್ನು ಶೇ. 80ರಷ್ಟು ತಗ್ಗಿಸುವ ಗುರಿಯನ್ನು ಇದೇ ಊರು ಇಟ್ಟುಕೊಂಡಿದೆ. ಅನಿಲದ ಒಲೆ, ಅನಿಲದ ಗೀಸರು ಬಿಡಿ ಎಂದು ಜನರನ್ನು ಒಲಿಸುತ್ತಿದೆ. ಜನ ಮಾತು ಕೇಳಿದಷ್ಟೂ ಅನಿಲದ ಆದಾಯ ಕುಗ್ಗುತ್ತದೆ, ಗ್ರಂಥಾಲಯಕ್ಕೆ ಬರುವ ಹಣವೂ ಕುಗ್ಗುತ್ತದೆ. ಮಾರುಕಟ್ಟೆಯಲ್ಲಿ ಅನಿಲ ದುಬಾರಿಯಾದರೆ ನಗರ ತೆಗೆದುಕೊಳ್ಳಬಹುದಾದ ಪಾಲು ತಾನಾಗಿ ಹೆಚ್ಚುತ್ತದೆ. ಒಟ್ಟು ಆದಾಯದ ಶೇಕಡಾವಾರು ಎಂಬ ಅಳತೆಯ ದೋಷವೇ ಇದು. ಮತದಾರರನ್ನು ಕೇಳುವ ಊರುಗಳು ನಿಗದಿತ ಮೊತ್ತವನ್ನು ಕೇಳಿ, ಕೆಲವು ವರ್ಷಕ್ಕೊಮ್ಮೆ ಮತ್ತೆ ಜನರ ಮುಂದೆ ಬರುವುದು ಇದಕ್ಕಿಂತ ವಾಸಿ ಎಂದು ನನ್ನ ಅನಿಸಿಕೆ.

ಕರ್ನಾಟಕದಲ್ಲಿ ಸಮಸ್ಯೆಯ ಮುಖ ಬೇರೆ. ಬೆಂಗಳೂರಿನ ನೀರು 1964ರಿಂದ ಜಲಮಂಡಳಿಯ ಕೈಯಲ್ಲಿದೆ, ವಿದ್ಯುತ್ತು 2002ರಿಂದ ಬೆಸ್ಕಾಂ ಕೈಯಲ್ಲಿ. ಪಾಲಿಕೆಗೂ ಇವಕ್ಕೂ ಒಂದೇ ಕಚೇರಿ ಇಲ್ಲ, ಹಂಚಿಕೊಳ್ಳುವ ಗುಮಾಸ್ತರೂ ಇಲ್ಲ. ರೋಸ್‌ವಿಲ್‌ನ ಜಗಳ ಮಾತ್ರ ನಮ್ಮಲ್ಲೂ ರಸ್ತೆ ಅಗೆತದ ಶುಲ್ಕದ ರೂಪದಲ್ಲಿ ಇದೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ, ಅವುಗಳ ಮೇಲೊಂದು ಪ್ರಾಧಿಕಾರವಿದೆ. ಒಂದೇ ಜಲಮಂಡಳಿ ಐದು ಪಾಲಿಕೆಗಳ ರಸ್ತೆಗಳನ್ನು ಅಗೆಯುವಾಗ ದುರಸ್ತಿಯ ಲೆಕ್ಕವನ್ನು ಒಂದೇ ಸೂತ್ರದಿಂದ ಹಾಕಿ ಪ್ರಕಟಿಸದಿದ್ದರೆ, ಆ ಮೊತ್ತ ಕೊನೆಗೆ ನೀರಿನ ದರದಲ್ಲಿ ಕಾಣಿಸಿಕೊಳ್ಳುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ರಾಜ್ಯದ ಉಳಿದ ಬಹಳಷ್ಟು ಊರುಗಳಲ್ಲಿ ಹಣ ಹರಿಯುವ ದಿಕ್ಕೇ ತಿರುಗುಮುರುಗು. ನೀರು ಸರಬರಾಜು ಪುರಸಭೆಯ ಒಂದು ಶಾಖೆ. ಎಂಜಿನಿಯರ್ ಬೆಳಿಗ್ಗೆ ಪಂಪ್‌ಹೌಸಿನಲ್ಲಿ, ಮಧ್ಯಾಹ್ನ ರಸ್ತೆ ಕಾಮಗಾರಿಯಲ್ಲಿ. ಕಂದಾಯ ವಸೂಲಿಯ ಕೌಂಟರಿನಲ್ಲೇ ನೀರಿನ ಬಿಲ್ಲನ್ನೂ ಕಟ್ಟಿಸಿಕೊಳ್ಳುತ್ತಾರೆ. ಪಂಪಿನ ವಿದ್ಯುತ್ ಬಿಲ್ಲಿನ ದೊಡ್ಡ ಭಾಗ ರಾಜ್ಯ ಹಣಕಾಸು ಆಯೋಗದ ವಿದ್ಯುತ್ ಅನುದಾನದಿಂದ ಹೋಗುತ್ತದೆ. ಹೀಗಾಗಿ ಒಂದು ಕೊಡ ನೀರು ಮನೆ ಮುಟ್ಟಲು ಎಷ್ಟು ತಗಲುತ್ತದೆ ಎಂದು ಸದಸ್ಯರನ್ನು ಕೇಳಿದರೂ ಅಧಿಕಾರಿಯನ್ನು ಕೇಳಿದರೂ ನಿಖರ ಉತ್ತರ ಸಿಗುವುದು ಕಷ್ಟ. ಕ್ಯಾಲಿಫೋರ್ನಿಯಾದ ಗ್ರಾಹಕ ತನಗರಿವಿಲ್ಲದೆ ನಗರಸಭೆಯನ್ನು ಸಾಕುತ್ತಿದ್ದರೆ, ಇಲ್ಲಿ ನಗರಸಭೆ ಮತ್ತು ರಾಜ್ಯದ ತೆರಿಗೆದಾರರು ಅರಿವಿಲ್ಲದೆ ನಲ್ಲಿ ಇದ್ದವರನ್ನು ಸಾಕುತ್ತಾರೆ. ನಲ್ಲಿ ಇಲ್ಲದೆ ಟ್ಯಾಂಕರಿಗೆ ಹಣ ಕೊಡುವವರೂ ಆ ತೆರಿಗೆದಾರರಲ್ಲಿದ್ದಾರೆ. ಬಡವರಿಗೆ ರಿಯಾಯಿತಿ ಬೇಕೇ ಬೇಕು, ನಾನು ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ರಿಯಾಯಿತಿ ಎಷ್ಟು, ಯಾರಿಗೆ ತಲುಪುತ್ತಿದೆ ಎಂದು ಗೊತ್ತಾಗಬೇಕಾದರೆ ಮೊದಲು ಖರ್ಚು ಗೊತ್ತಿರಬೇಕು.

2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ನಿಧಿ ಆಧಾರಿತ, ಜೋಡಿ ನಮೂದಿನ ಲೆಕ್ಕವನ್ನು ತಂದಿವೆ. ಅಂದರೆ ನೀರಿಗೆ ಪ್ರತ್ಯೇಕ ಲೆಕ್ಕ ಇಡಲು ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಎಂಜಿನಿಯರಿನ ಸಮಯ, ಕೌಂಟರಿನ ಸಿಬ್ಬಂದಿ, ಆಯುಕ್ತರ ಕಚೇರಿ ಇವುಗಳ ಪಾಲನ್ನು ಯಾವ ಆಧಾರದ ಮೇಲೆ ನೀರಿಗೆ ಹಾಕಿದೆವು ಎಂದು ಆಯವ್ಯಯದ ಜೊತೆಗೆ ಒಂದು ಪುಟದಲ್ಲಿ ಬರೆದು, ಅನುದಾನದಿಂದ ತೀರಿದ ವಿದ್ಯುತ್ ಬಿಲ್ಲನ್ನೂ ಅದರಲ್ಲಿ ಖರ್ಚೆಂದೇ ತೋರಿಸಿದರೆ ಸಾಕು. ಮೈಸೂರಿನಲ್ಲಿ ಮಹಾನಗರ ಪಾಲಿಕೆಯ ಅಧೀನದಲ್ಲೇ ವಾಣಿವಿಲಾಸ ನೀರು ಸರಬರಾಜು ವಿಭಾಗವಿದೆ. ಅದಕ್ಕೆ ಅದರದೇ ಕಚೇರಿ ಇದೆ, ಅದರದೇ ಬಿಲ್ಲಿಂಗ್ ಇದೆ. ಅಂಥ ಪುಟವನ್ನು ಮೊದಲು ಬರೆಯುವುದು ಮೈಸೂರಿಗೆ ಸುಲಭ. ಮುಂದಿನ ಆಯವ್ಯಯದಲ್ಲೇ ಅದನ್ನು ಕೇಳಬಹುದು.